ಕೇಳಿದ ಕಥೆ, ಕಂಡ ಕೆಲಸ: ಯಾಣದ ಸೀಮೆಯಲ್ಲಿ ಅಧಿಕಾರ ವಿಕೇಂದ್ರೀಕರಣ ಮತ್ತು ಮಹಿಳಾ ನಾಯಕತ್ವದ ಓದು

ಕುಮಟಾ ತಾಲ್ಲೂಕಿನ ಸಹ್ಯಾದ್ರಿಯ ಕಾಡಿನ ನಡುವೆ ಇರುವ ಯಾಣದಲ್ಲಿ ಕಪ್ಪು ಸುಣ್ಣಕಲ್ಲಿನ ಎರಡು ಶಿಖರಗಳು ಎದ್ದು ನಿಂತಿವೆ. ಸುಮಾರು 120 ಮೀಟರ್ ಎತ್ತರದ್ದು ಭೈರವೇಶ್ವರ ಶಿಖರ. ಅದಕ್ಕಿಂತ ಗಿಡ್ಡದಾದ, ಸುಮಾರು 90 ಮೀಟರ್ ಎತ್ತರದ್ದು ಮೋಹಿನಿ ಶಿಖರ. ಭಸ್ಮಾಸುರನ ಕಥೆಯನ್ನು ಈ ಕಲ್ಲುಗಳಿಗೆ ಹೊಂದಿಸಿ ಹೇಳುವುದು ಈ ಸೀಮೆಯ ವಾಡಿಕೆ. ತಾನು ಕೈಯಿಟ್ಟ ತಲೆ ಬೂದಿಯಾಗಲೆಂಬ ವರ ಪಡೆದ ಅಸುರನು ವರ ಕೊಟ್ಟ ಶಿವನನ್ನೇ ಅಟ್ಟಿಸಿಕೊಂಡು ಬಂದನೆಂದೂ, ವಿಷ್ಣುವು ಮೋಹಿನಿಯಾಗಿ ಬಂದು ಕುಣಿದು, ಅಸುರನ ಕೈಯನ್ನು ಅವನ ತಲೆಯ ಮೇಲೆಯೇ ಇರಿಸುವಂತೆ ಮಾಡಿದನೆಂದೂ ಕಥೆ. ಇಲ್ಲಿ ಗೆಲುವು ಹೆಣ್ಣಿನ ರೂಪಕ್ಕೆ ಸಂದಿದೆ. ಗೆದ್ದವನು ಮಾತ್ರ ಗಂಡು ದೇವರು. ಆ ರೂಪವನ್ನು ಹೊತ್ತವನು ಯಾರೆಂದು ಕಥೆ ಮುಚ್ಚಿಡುವುದಿಲ್ಲ. ಕೇಳುವವರೂ ಅದನ್ನು ಲೋಪವೆಂದು ಎಣಿಸುವುದಿಲ್ಲ.

ಇದೇ ಸೀಮೆಯ ಗ್ರಾಮ ಪಂಚಾಯತಿಗಳ ಬಗ್ಗೆ ಮಾತು ಬಂದಾಗಲೂ ಇಂತಹುದೇ ಒಂದು ರಚನೆ ಕೇಳಿಬರುತ್ತದೆ: ಹೆಸರು ಹೆಣ್ಣಿನದು, ಕೈ ಗಂಡಿನದು; ಕುರ್ಚಿಯಲ್ಲಿ ಅಧ್ಯಕ್ಷೆ, ಕಚೇರಿಯ ಜಗಲಿಯಲ್ಲಿ ಆಕೆಯ ಯಜಮಾನರು. ಮಹಿಳಾ ಮೀಸಲಾತಿಯನ್ನು ಕುರಿತ ಪತ್ರಿಕಾ ಬರಹಗಳೂ ಸಂಶೋಧನ ಪ್ರಬಂಧಗಳೂ ಈ ಚಿತ್ರವನ್ನು ಮತ್ತೆ ಮತ್ತೆ ಮುಂದಿಟ್ಟಿವೆ. ಚಿತ್ರ ಪೂರ್ಣ ಸುಳ್ಳೆಂದು ವಾದಿಸುವವರು ವಿರಳ. ಆದರೆ ಇದು ಎಷ್ಟು ಹಳೆಯದು, ಇದನ್ನು ಮೊದಲು ಹೇಳಿದವರು ಯಾರು, ಇದನ್ನು ಹೇಳುವುದರಿಂದ ಯಾವುದು ಕಣ್ಮರೆಯಾಗುತ್ತದೆ ಎಂಬ ಪ್ರಶ್ನೆಗಳು ಸಾಕಷ್ಟು ಪರಿಶೀಲನೆಗೆ ಒಳಗಾಗಿಲ್ಲ. ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳು ಈ ಪರಿಶೀಲನೆಗೆ ವಿಶೇಷವಾಗಿ ತಕ್ಕ ನೆಲ. ಏಕೆಂದರೆ ಹೆಣ್ಣೊಬ್ಬಳ ಆಳ್ವಿಕೆಯನ್ನು ಕುರಿತ ಇಂತಹ ಮಾತು ಇಲ್ಲಿ ನಾಲ್ಕು ಶತಮಾನಗಳಷ್ಟು ಹಿಂದೆಯೇ ಬರಹಕ್ಕೆ ಇಳಿದಿದೆ.

ಪ್ರವಾಸಿ ಕೇಳಿದ್ದು, ಪ್ರವಾಸಿ ಕಂಡದ್ದು

ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪೆ ನಗಿರೆ ರಾಜ್ಯದ ರಾಜಧಾನಿಯಾಗಿತ್ತು. ಭಟ್ಕಳ ತಾಲ್ಲೂಕಿನ ಹಾಡುವಳ್ಳಿ ಅದರೊಡನೆ ಬೆಸೆದುಕೊಂಡಿದ್ದ ಮತ್ತೊಂದು ನೆಲೆ. ವಿಜಯನಗರದ ಅಧೀನದಲ್ಲಿದ್ದ ಈ ಸಾಳುವ ಜೈನ ಮನೆತನದ ರಾಣಿ ಚೆನ್ನಭೈರಾದೇವಿಯ ಆಳ್ವಿಕೆಯನ್ನು ಸಾಮಾನ್ಯವಾಗಿ 1552ರಿಂದ 1606ರವರೆಗೆ ಎಂದು ಹೇಳಲಾಗುತ್ತದೆ. ಕುಮಟಾ ತಾಲ್ಲೂಕಿನ ಮಿರ್ಜಾನ ಕೋಟೆಯನ್ನು ಜನ ಇಂದಿಗೂ ಆಕೆಯ ಹೆಸರಿನೊಡನೆ ನೆನೆಯುತ್ತಾರೆ. ವಿಜಯನಗರದ ಕೇಂದ್ರ ಅಧಿಕಾರವು 1565ರ ಯುದ್ಧದ ಅನಂತರ ಸಡಿಲಗೊಂಡ ಕಾಲದಲ್ಲಿ ಕರಾವಳಿಯ ಬಂದರು, ಘಟ್ಟದ ದಾರಿ, ಮೆಣಸಿನ ವ್ಯಾಪಾರ ಇವನ್ನು ನಿಭಾಯಿಸಿದ, ಪೋರ್ಚುಗೀಸರೊಡನೆ ಕಾದಾಟವನ್ನೂ ವ್ಯವಹಾರವನ್ನೂ ನಡೆಸಿದ ಸ್ಥಳೀಯ ಅಧಿಕಾರ ಅದು. ಕೆಳದಿಯ ವೆಂಕಟಪ್ಪ ನಾಯಕನ ಕಾಲದಲ್ಲಿ ಆ ರಾಜ್ಯ ಅಳಿಯಿತು. ರಾಣಿ ಸೆರೆಯಲ್ಲಿ ತೀರಿಕೊಂಡಳು.

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ 1623ರಲ್ಲಿ ಗೋವೆಯಿಂದ ಹೊನ್ನಾವರಕ್ಕೆ ಬಂದು, ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಯನ್ನು ತಲುಪಿ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದನು. ನೇಪಲ್ಸಿನ ಸ್ನೇಹಿತನಿಗೆ ಬರೆದ ಪತ್ರಗಳಲ್ಲಿ ಆತ ಗೇರುಸೊಪ್ಪೆಯ ಪಾಳುಬಿದ್ದ ಅರಮನೆಯನ್ನೂ ಅದರ ಮೇಲೆ ಬೆಳೆದ ಮರಗಳನ್ನೂ ವರ್ಣಿಸಿದ್ದಾನೆ. ಪೋರ್ಚುಗೀಸರು ಇಲ್ಲಿನ ರಾಣಿಯನ್ನು ಮೆಣಸಿನ ರಾಣಿ ಎಂದು ಕರೆಯುತ್ತಿದ್ದರೆಂಬ ಮಾತು ಆತನ ಬರಹದಲ್ಲಿಯೇ ಇದೆ. ರಾಜ್ಯದ ಪತನಕ್ಕೆ ಆತ ಕೊಡುವ ಕಾರಣ ಹೀಗಿದೆ: ಕೊನೆಯ ರಾಣಿ ಪರಸ್ಥಳದ, ಕೀಳು ದರ್ಜೆಯ ಗಂಡಸೊಬ್ಬನಲ್ಲಿ ಅನುರಕ್ತಳಾಗಿ ತನ್ನನ್ನೂ ರಾಜ್ಯವನ್ನೂ ಅವನ ಕೈಗೆ ಒಪ್ಪಿಸಿದಳು, ಅವನು ತಿರುಗಿಬಿದ್ದಾಗ ಆಕೆ ಪೋರ್ಚುಗೀಸರ ನೆರವನ್ನು ಬಯಸಿದಳು, ಅವನು ವೆಂಕಟಪ್ಪ ನಾಯಕನನ್ನು ಕರೆದನು, ಕರೆಸಿಕೊಂಡವನು ಎಲ್ಲವನ್ನೂ ನುಂಗಿದನು. ಈ ರಾಣಿಯನ್ನು ಚೆನ್ನಭೈರಾದೇವಿಯೆಂದೇ ಸಾಮಾನ್ಯವಾಗಿ ಗುರುತಿಸಲಾಗುತ್ತದೆ.

ಈ ಕಥೆಯನ್ನು ಓದುವಾಗ ಗಮನಿಸಬೇಕಾದ ಸಂಗತಿಯೊಂದಿದೆ. ದೆಲ್ಲಾ ವಲ್ಲೆ ಗೇರುಸೊಪ್ಪೆಗೆ ಬಂದದ್ದು ರಾಜ್ಯ ಅಳಿದು ಹದಿನೇಳು ವರ್ಷಗಳಾದ ಮೇಲೆ. ಬಂದದ್ದು ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟ ಪೋರ್ಚುಗೀಸ್ ರಾಯಭಾರಿಯ ಸಂಗಡ. ಆ ಪಯಣದ ಜೊತೆಗಾರರಲ್ಲಿ ನಾಯಕನ ಕಡೆಯ ರಾಯಭಾರಿಯೂ ಇದ್ದನು. ಎಂದರೆ, ಸೋತ ರಾಣಿಯ ಕಥೆಯನ್ನು ಆತ ಕೇಳಿದ್ದು ಗೆದ್ದವರ ಪರಿಸರದಲ್ಲಿ. ಆಕ್ರಮಣವೊಂದಕ್ಕೆ ಸಮರ್ಥನೆ ಬೇಕಾದಾಗ, ಆಳುತ್ತಿದ್ದವಳು ನಿಜಕ್ಕೂ ಆಳುತ್ತಿರಲಿಲ್ಲ, ಆಕೆಯ ಹಿಂದೆ ಗಂಡಸೊಬ್ಬನಿದ್ದನು ಎನ್ನುವುದಕ್ಕಿಂತ ಅನುಕೂಲವಾದ ವಾದ ಇನ್ನೊಂದಿಲ್ಲ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ, ಈ ಸೀಮೆಯ ದಾಖಲಿತ ಮೊದಲ ಬೇನಾಮಿ ಅಧಿಕಾರದ ಆರೋಪ ಇದು.

ಇದೇ ಪ್ರವಾಸದಲ್ಲಿ, ಅದೇ ವರ್ಷದ ಕೊನೆಗೆ, ದೆಲ್ಲಾ ವಲ್ಲೆ ದಕ್ಷಿಣಕ್ಕೆ ಇಳಿದು ಉಳ್ಳಾಲದ ರಾಣಿಯನ್ನು ಮಾನೇಲಿನಲ್ಲಿ ಮುಖತಃ ಭೇಟಿಯಾದನು. ಅಲ್ಲಿ ಆತ ಕಂಡದ್ದು ಬೇರೆಯೇ ದೃಶ್ಯ. ರಾಣಿ ಬರಿಗಾಲಿನಲ್ಲಿ ನಡೆದು ಬಂದಿದ್ದಳು. ನೀರಿನ ಕಾಲುವೆಗಳ ಕೆಲಸವನ್ನು ನೋಡಿಕೊಳ್ಳಲು ಹೊರಟಿದ್ದಳು. ಆಕೆಯ ಉಡುಪು ಮತ್ತು ನಿಲುವು ರಾಣಿಯದೆಂದು ಯುರೋಪಿನ ಕಣ್ಣಿಗೆ ತೋರಲಿಲ್ಲ. ಅಡುಗೆಯವಳಿಗೆ ಹೋಲಿಸುವ ಮಟ್ಟಿಗೆ ಆತನ ಬರಹ ಇಳಿಯುತ್ತದೆ. ಆದರೆ ಮಾತು ಕೇಳಿದ ಮೇಲೆ ಆಕೆಯ ವಿವೇಕವನ್ನು ಆತ ಒಪ್ಪಿಕೊಳ್ಳಬೇಕಾಯಿತು.

ಒಬ್ಬನೇ ಪ್ರವಾಸಿಯ ಬರಹದಲ್ಲಿ ಸಿಗುವ ಈ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಒಂದು ಸೂತ್ರ ಹೊಳೆಯುತ್ತದೆ. ಕೇಳಿದ ರಾಣಿ ಪ್ರಿಯಕರನ ಕೈಗೊಂಬೆ. ಕಂಡ ರಾಣಿ ಕಾಲುವೆಯ ಕೆಲಸವನ್ನು ನೋಡಿಕೊಳ್ಳುವವಳು. ಹೆಣ್ಣಿನ ಅಧಿಕಾರವನ್ನು ಕುರಿತ ಕೇಳಿಕೆ ಆಕೆಯ ಅಂತಃಪುರದ ಕಡೆಗೆ ಓಡುತ್ತದೆ. ಕಣ್ಣಾರೆ ಕಂಡ ವಿವರ ಆಕೆಯ ಕೆಲಸದ ಕಡೆಗೆ ತಿರುಗುತ್ತದೆ. ಪಂಚಾಯತಿ ಮಹಿಳೆಯರನ್ನು ಕುರಿತ ನಮ್ಮ ಕಾಲದ ಬರಹವೂ ಬಹುಮಟ್ಟಿಗೆ ಮೊದಲನೆಯ ಮಾದರಿಯಲ್ಲಿಯೇ ನಿಂತಿದೆ ಎಂಬುದು ಇಲ್ಲಿನ ವಾದದ ತಿರುಳು.

ಅಕಳಂಕತೆಯ ಹೊರೆ

ಅಪವಾದಕ್ಕೆ ಉತ್ತರ ಕೊಡುವ ಪ್ರಯತ್ನ ಕನ್ನಡದಲ್ಲಿ ನಡೆದಿಲ್ಲವೆಂದಲ್ಲ. ಈ ಶತಮಾನದ ಮೂರನೆಯ ದಶಕದ ಆರಂಭದಲ್ಲಿ ಪ್ರಕಟವಾದ ಗಜಾನನ ಶರ್ಮ ಅವರ ‘ಚೆನ್ನಭೈರಾದೇವಿ’ ಕಾದಂಬರಿ ಈ ರಾಣಿಯನ್ನು ಓದುಗರ ನಡುವೆ ಮತ್ತೆ ಚರ್ಚೆಗೆ ತಂದಿತು. ಅದರ ಉಪಶೀರ್ಷಿಕೆ ಆಕೆಯದನ್ನು ಅಕಳಂಕ ಚರಿತೆಯೆಂದು ಕರೆಯುತ್ತದೆ. ಮರೆತ ಆಳ್ವಿಕೆಯೊಂದನ್ನು ಮರಳಿ ಕಟ್ಟಿಕೊಟ್ಟ ಶ್ರೇಯಸ್ಸು ಈ ಕೃತಿಗೆ ಸಲ್ಲಬೇಕು. ಆದರೂ ಆ ಒಂದು ವಿಶೇಷಣದಲ್ಲಿ ಅಡಗಿರುವ ತೊಡಕನ್ನು ವಿಮರ್ಶೆ ಕಾಣದೆ ಇರಲಾಗದು. ಕಳಂಕದ ಆರೋಪಕ್ಕೆ ಅಕಳಂಕತೆಯ ಉತ್ತರ ಸಿಕ್ಕಾಗ, ವಿಚಾರಣೆಯ ಕಟಕಟೆ ಇದ್ದಲ್ಲಿಯೇ ಇರುತ್ತದೆ. ಆಳಿದವಳ ತೆರಿಗೆ, ಬಂದರು, ಸಂಧಿ, ದಂಡು ಇವೆಲ್ಲ ಆಕೆಯ ಶೀಲದ ಪ್ರಶ್ನೆಗೆ ಅನುಬಂಧಗಳಾಗುವ ಅಪಾಯ ಉಳಿದುಕೊಳ್ಳುತ್ತದೆ. ಕೆಳದಿಯ ನಾಯಕರ ರಾಜಕಾರಣವನ್ನು ಅವರ ದಾಂಪತ್ಯದ ಮೂಲಕ ಅಳೆಯುವ ಪದ್ಧತಿ ನಮ್ಮಲ್ಲಿ ಇಲ್ಲ.

ಸ್ಥಳೀಯ ಹೆಮ್ಮೆಯ ಇನ್ನೊಂದು ಬಗೆಯೂ ಇದೆ. ಸಭೆ ಸಮಾರಂಭಗಳಲ್ಲಿ ಮೆಣಸಿನ ರಾಣಿಯನ್ನು ನೆನೆಯುವುದು, ಕರನಿರಾಕರಣೆಯ ಕಾಲದಲ್ಲಿ ಸಿದ್ದಾಪುರ ಸೀಮೆಯ ಮಾವಿನಗುಂಡಿಯಲ್ಲಿ ಮಹಿಳೆಯರು ನಡೆಸಿದ ಉಪವಾಸ ಸತ್ಯಾಗ್ರಹವನ್ನು ಸ್ಮರಿಸುವುದು, ಅಲ್ಲಿಂದ ನೇರವಾಗಿ ಇಂದಿನ ಮೀಸಲಾತಿಗೆ ಜಿಗಿಯುವುದು ಉತ್ತರ ಕನ್ನಡದ ಭಾಷಣಗಳ ಪರಿಚಿತ ಜಾಡು. ಈ ಜಿಗಿತದಲ್ಲಿ ನಡುವಿನ ಖಾಲಿ ಜಾಗ ಮರೆಯಾಗುತ್ತದೆ. ಸತ್ಯಾಗ್ರಹದ ಕಣದಲ್ಲಿ ಮುಂದೆ ನಿಂತ ಹೆಣ್ಣುಮಕ್ಕಳಿಗೆ ಸ್ವಾತಂತ್ರ್ಯಾನಂತರದ ಸ್ಥಳೀಯ ಸಂಸ್ಥೆಗಳಲ್ಲಿ ದೊರೆತದ್ದು ಏನು? ಬಲವಂತರಾಯ್ ಮೆಹ್ತಾ ಸಮಿತಿ 1957ರಲ್ಲಿ ಮಾಡಿದ ಶಿಫಾರಸು ಉತ್ತರವನ್ನು ಸೂಚಿಸುತ್ತದೆ: ಮಹಿಳೆಯರ ಮತ್ತು ಮಕ್ಕಳ ಕೆಲಸದಲ್ಲಿ ಆಸಕ್ತಿಯುಳ್ಳ ಇಬ್ಬರು ಮಹಿಳೆಯರನ್ನು ಸಮಿತಿಗೆ ಸೇರಿಸಿಕೊಳ್ಳುವುದು. ಚುನಾಯಿತರಾಗಿ ಬರುವವರೆಂದು ಅವರನ್ನು ಎಣಿಸಿರಲಿಲ್ಲ. ಉಳಿದವರು ಸೇರಿಸಿಕೊಂಡರೆ ಬರುವವರು ಅವರು.

ಪೀಠ ಮತ್ತು ಅಧಿಕಾರ

ಈ ಸ್ಥಿತಿಯನ್ನು ಬದಲಿಸಿದ ಕಾನೂನಿಗೆ ಉತ್ತರ ಕನ್ನಡದೊಡನೆ ನಂಟಿದೆ. ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯವರಾದ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ, ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಅಧಿನಿಯಮವು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿಗಳಲ್ಲಿ ಶೇಕಡ 25ರಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿತು. 1987ರ ಜನವರಿಯಲ್ಲಿ ಚುನಾವಣೆ ನಡೆದು ಸಾವಿರಾರು ಮಹಿಳೆಯರು ಆಯ್ಕೆಯಾದರು. ಸಂವಿಧಾನದ 73ನೆಯ ತಿದ್ದುಪಡಿಗೆ ಆರು ವರ್ಷ ಮೊದಲೇ ಕರ್ನಾಟಕ ಈ ಪ್ರಯೋಗಕ್ಕೆ ಇಳಿದಿತ್ತು.

ಈ ವ್ಯವಸ್ಥೆಯ ಬಲವನ್ನು ಅಳೆಯಲು ಒಂದೇ ವಿವರ ಸಾಕು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವಿತ್ತು. ಜಿಲ್ಲೆಯ ಅಭಿವೃದ್ಧಿ ಆಡಳಿತ ಅವರ ಅಧೀನದ ಮುಖ್ಯ ಕಾರ್ಯದರ್ಶಿಯ ಮೂಲಕ ನಡೆಯುತ್ತಿತ್ತು. ಆದರೆ ಮೀಸಲಾತಿ ಇದ್ದದ್ದು ಸದಸ್ಯತ್ವಕ್ಕೆ. ಮಂಡಲ ಪ್ರಧಾನರ ಸ್ಥಾನಕ್ಕಾಗಲಿ ಪರಿಷತ್ತಿನ ಅಧ್ಯಕ್ಷ ಸ್ಥಾನಕ್ಕಾಗಲಿ ಮಹಿಳಾ ಮೀಸಲಾತಿ ಇರಲಿಲ್ಲ. ಅಧಿಕಾರ ಗಟ್ಟಿಯಾಗಿದ್ದಾಗ ಪೀಠ ಮಹಿಳೆಗೆ ದೊರೆಯಲಿಲ್ಲ.

ಪೀಠ ದೊರೆತದ್ದು ಮುಂದಿನ ಹಂತದಲ್ಲಿ. ಕೇಂದ್ರ ಸಚಿವೆಯಾಗಿದ್ದ ಮಾರ್ಗರೆಟ್ ಆಳ್ವ ಅವರ ನೇತೃತ್ವದಲ್ಲಿ 1988ರಲ್ಲಿ ಸಿದ್ಧವಾದ ಮಹಿಳೆಯರಿಗಾಗಿ ರಾಷ್ಟ್ರೀಯ ಮುನ್ನೋಟ ಯೋಜನೆಯು ಸ್ಥಳೀಯ ಸಂಸ್ಥೆಗಳಲ್ಲಿ ಶೇಕಡ 30ರಷ್ಟು ಮೀಸಲಾತಿಯನ್ನು ಸೂಚಿಸಿತು. ಮುಂದೆ 1999ರಿಂದ 2004ರವರೆಗೆ ಈ ಮೂರೂ ತಾಲ್ಲೂಕುಗಳನ್ನು ಒಳಗೊಂಡ ಕೆನರಾ ಲೋಕಸಭಾ ಕ್ಷೇತ್ರವನ್ನು ಪ್ರತಿನಿಧಿಸಿದವರೂ ಅವರೇ. 1989ರ 64ನೆಯ ತಿದ್ದುಪಡಿ ಮಸೂದೆ ರಾಜ್ಯಸಭೆಯಲ್ಲಿ ಬಿದ್ದುಹೋಯಿತು. 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೆಯ ತಿದ್ದುಪಡಿ ಸದಸ್ಯತ್ವದ ಜೊತೆಗೆ ಅಧ್ಯಕ್ಷ ಸ್ಥಾನಗಳಲ್ಲಿಯೂ ಮೂರನೆಯ ಒಂದು ಭಾಗವನ್ನು ಮಹಿಳೆಯರಿಗೆ ಕಾದಿರಿಸಿತು. ಅದೇ ವರ್ಷದ ಕರ್ನಾಟಕ ಪಂಚಾಯತ್ ರಾಜ್ ಅಧಿನಿಯಮದಂತೆ ನಡೆದ ಮೊದಲ ಗ್ರಾಮ ಪಂಚಾಯತಿ ಚುನಾವಣೆಯಲ್ಲಿ ಮಹಿಳೆಯರ ಪಾಲು ಶೇಕಡ 40ನ್ನು ಮೀರಿತು. 2010ರಲ್ಲಿ ರಾಜ್ಯವು ಈ ಪ್ರಮಾಣವನ್ನು ಶೇಕಡ 50ಕ್ಕೆ ಏರಿಸಿತು.

ಆದರೆ ಇದೇ 1993ರ ಅಧಿನಿಯಮವು 1983ರದಕ್ಕಿಂತ ಹಿಂದಕ್ಕೆ ಸರಿಯಿತೆಂಬ ಟೀಕೆ ಅಂದೇ ಕೇಳಿಬಂದಿತ್ತು. ನಿರ್ಣಯಗಳ ಮೇಲೆ ಸರ್ಕಾರದ ಹಿಡಿತ, ಚುನಾಯಿತರ ಮೇಲೆ ಅಧಿಕಾರಿಗಳ ಕಣ್ಗಾವಲು ಮತ್ತೆ ಬಿಗಿಯಾದವು. ಹೀಗೆ ಎರಡು ಕಾಯಿದೆಗಳನ್ನು ಒಟ್ಟಿಗೆ ಓದಿದಾಗ ಒಂದು ಕಹಿ ಕ್ರಮ ಕಾಣುತ್ತದೆ: ಅಧಿಕಾರವಿದ್ದ ಪೀಠಕ್ಕೆ ಮಹಿಳೆ ಬರಲಿಲ್ಲ, ಮಹಿಳೆ ಬಂದ ಪೀಠದಲ್ಲಿ ಅಧಿಕಾರ ಕುಗ್ಗಿತ್ತು. ಅಧ್ಯಕ್ಷೆ ಏನನ್ನೂ ಮಾಡಲಿಲ್ಲವೆಂದು ದೂರುವ ಮುನ್ನ, ಆ ಪೀಠದಿಂದ ಮಾಡಲು ಸಾಧ್ಯವಿದ್ದದ್ದು ಎಷ್ಟು ಎಂದು ಕೇಳುವುದು ನ್ಯಾಯ.

ಕಾಡಿನ ಊರಿನ ಪಂಚಾಯತಿ

ಈ ಪ್ರಶ್ನೆ ಬಯಲುಸೀಮೆಗಿಂತ ಯಾಣದಂತಹ ಊರಿನಲ್ಲಿ ಹೆಚ್ಚು ತೀಕ್ಷ್ಣವಾಗುತ್ತದೆ. ಉತ್ತರ ಕನ್ನಡದ ಭೂಭಾಗದ ಮುಕ್ಕಾಲು ಪಾಲಿಗೂ ಹೆಚ್ಚು ಅರಣ್ಯ. ಮನೆಗಳು ಕೇರಿ ಕೊಪ್ಪಗಳಲ್ಲಿ ಚದುರಿವೆ. ನಡುವೆ ಹಳ್ಳ, ಗುಡ್ಡ, ತೋಟ, ಸೊಪ್ಪಿನ ಬೆಟ್ಟ. ಇದನ್ನು ಮನಗಂಡೇ ಅಧಿನಿಯಮವು ಮಲೆನಾಡಿನ ಜಿಲ್ಲೆಗಳಲ್ಲಿ 2,500ರಷ್ಟು ಕಡಿಮೆ ಜನಸಂಖ್ಯೆಗೂ ಒಂದು ಗ್ರಾಮ ಪಂಚಾಯತಿ ಇರಬಹುದೆಂದು ಹೇಳಿತು. ಆದರೆ ಗಡಿ ಚಿಕ್ಕದಾದಷ್ಟಕ್ಕೆ ಅಧಿಕಾರ ಹತ್ತಿರವಾಗುವುದಿಲ್ಲ. ಮಳೆಗಾಲದಲ್ಲಿ ಮಕ್ಕಳು ಶಾಲೆಗೆ ಹೋಗಲು ಬೇಕಾದ ಕಾಲುಸಂಕ, ಗುಡ್ಡದ ಒರತೆಯಿಂದ ಕೇರಿಗೆ ನೀರು ತರುವ ಪೈಪು, ಹೆರಿಗೆಯ ಹೊತ್ತಿಗೆ ವಾಹನ ಬರಬಲ್ಲ ದಾರಿ, ಇವು ಹೆಣ್ಣುಮಕ್ಕಳು ಗ್ರಾಮಸಭೆಯಲ್ಲಿ ಎತ್ತುವ ವಿಷಯಗಳು. ಪಂಚಾಯತಿ ನಿರ್ಣಯ ಮಾಡಬಹುದು. ಆದರೆ ಆ ದಾರಿ ಅರಣ್ಯ ಭೂಮಿಯ ಮೇಲೆ ಹಾದುಹೋಗುವುದಾದರೆ ನಿರ್ಣಯದ ಮುಂದಿನ ಬದುಕು ಇನ್ನೊಂದು ಇಲಾಖೆಯ ಕಡತದಲ್ಲಿ.

ಇದರ ಜೊತೆಗೆ 1990ರ ದಶಕದಲ್ಲಿ ಮತ್ತೊಂದು ಬೆಳವಣಿಗೆಯಾಯಿತು. ಜಂಟಿ ಅರಣ್ಯ ಯೋಜನೆಯಡಿ ಗ್ರಾಮ ಅರಣ್ಯ ಸಮಿತಿಗಳು ಈ ಜಿಲ್ಲೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಹುಟ್ಟಿಕೊಂಡವು. ಅವುಗಳ ಸದಸ್ಯ ಕಾರ್ಯದರ್ಶಿ ಅರಣ್ಯ ಇಲಾಖೆಯ ಸಿಬ್ಬಂದಿ. ಪಂಚಾಯತಿಯಲ್ಲಿ ಅಧ್ಯಕ್ಷ ಸ್ಥಾನವೇ ಮಹಿಳೆಗೆ ಮೀಸಲಾದ ಅದೇ ದಶಕದಲ್ಲಿ, ಕಾಡಿನ ಊರಿನ ಬಹುಮುಖ್ಯ ಸಂಪತ್ತಾದ ಸೌದೆ, ಸೊಪ್ಪು, ಕಿರು ಉತ್ಪನ್ನಗಳ ಮಾತು ಪಂಚಾಯತಿಯ ಹೊರಗೆ ಕಟ್ಟಿದ ಸಮಿತಿಗೆ ಹೋಯಿತು. ಸೌದೆ ಹೊರುವವರು ಹೆಣ್ಣುಮಕ್ಕಳು. ಅದನ್ನು ಕುರಿತ ತೀರ್ಮಾನದ ಪೀಠ ಅವರಿಗೆ ಕಾದಿರಿಸಿದ ಪೀಠದ ಪಕ್ಕದಲ್ಲಿ ಬೇರೆಯಾಗಿ ನಿಂತಿತು. 2006ರ ಅರಣ್ಯ ಹಕ್ಕು ಕಾಯಿದೆ ಗ್ರಾಮಸಭೆಗೆ ಹಕ್ಕು ನಿರ್ಧಾರದ ಪ್ರಕ್ರಿಯೆಯನ್ನು ಆರಂಭಿಸುವ ಅಧಿಕಾರವನ್ನೂ, ಅರಣ್ಯ ಹಕ್ಕು ಸಮಿತಿಯಲ್ಲಿ ಕನಿಷ್ಠ ಮೂರನೆಯ ಒಂದು ಭಾಗದಷ್ಟು ಮಹಿಳೆಯರಿರಬೇಕೆಂಬ ನಿಯಮವನ್ನೂ ತಂದು ಈ ಬಿರುಕನ್ನು ಒಂದಿಷ್ಟು ಮುಚ್ಚಲು ನೋಡಿತು. ವಿಕೇಂದ್ರೀಕರಣವನ್ನು ಪಂಚಾಯತಿಯೊಂದರಲ್ಲಿಯೇ ಹುಡುಕುವ ಅಧ್ಯಯನಗಳಿಗೆ ಈ ಹಂಚಿಹೋದ ಅಧಿಕಾರ ಕಾಣುವುದಿಲ್ಲ. ಕಾಣುವುದು ಸುಮ್ಮನೆ ಕುಳಿತ ಅಧ್ಯಕ್ಷೆ.

ಬೇನಾಮಿತನವನ್ನು ರೂಪಿಸುವ ಇತರ ಕಾರಣಗಳೂ ಮನೆಯ ಹೊರಗಿನವೇ. ಕ್ಷೇತ್ರದ ಮೀಸಲಾತಿ ಸರದಿಯಂತೆ ಬದಲಾಗುವುದರಿಂದ ಒಮ್ಮೆ ಗೆದ್ದ ಮಹಿಳೆಗೆ ಮರುಸ್ಪರ್ಧೆಯ ಅವಕಾಶ ಕ್ಷೀಣ. ಗ್ರಾಮ ಪಂಚಾಯತಿಯ ಅಧ್ಯಕ್ಷಗಿರಿಗೆ ಮೂವತ್ತು ತಿಂಗಳ ಅವಧಿ ಇದ್ದಾಗ, ಆಯವ್ಯಯ ಓದಲು ಕಲಿಯುವಷ್ಟರಲ್ಲಿ ಅವಧಿಯ ಮೊದಲ ಭಾಗ ಮುಗಿದಿರುತ್ತದೆ. ಚೆಕ್ಕಿಗೆ ಅಧ್ಯಕ್ಷರ ಮತ್ತು ಅಧಿಕಾರಿಯ ಜಂಟಿ ಸಹಿ ಬೇಕು. ಸಹಿಯ ಹೊಣೆ ಇಬ್ಬರದಾದರೂ ಕಡತದ ಭಾಷೆ ಬಲ್ಲವನು ಒಬ್ಬನೇ. ಅಧ್ಯಕ್ಷೆಗೆ ಹೇಳಬೇಕಾದ ಮಾತನ್ನು ಫೋನು ಮಾಡಿ ಆಕೆಯ ಗಂಡನಿಗೆ ಹೇಳುವ ಅಧಿಕಾರಿಯೂ, ಆಕೆಯನ್ನು ಕಾಣಲು ಬಂದು ಯಜಮಾನರಿದ್ದಾರೆಯೇ ಎಂದು ವಿಚಾರಿಸುವ ಗುತ್ತಿಗೆದಾರನೂ ಈ ಬೇನಾಮಿತನದ ಸಹಕರ್ತೃಗಳು. ಇನ್ನು ಜಾತಿಯ ಪ್ರಶ್ನೆ. ಗಂಡನ ಕೈಗೊಂಬೆ ಎಂಬ ವಿವರಣೆ ಎಲ್ಲ ಮನೆಗಳನ್ನೂ ಒಂದೇ ಎಂದು ಭಾವಿಸುತ್ತದೆ. ಮುಕ್ರಿ ಕೇರಿಯ ಕೂಲಿಕಾರ ಮಹಿಳೆ ಮೀಸಲು ಸ್ಥಾನದಿಂದ ಅಧ್ಯಕ್ಷೆಯಾದರೆ ಆಕೆಯ ಗಂಡನಿಗೂ ಆ ಕಚೇರಿಯಲ್ಲಿ ದನಿ ಇರಲಾರದು. ಅಲ್ಲಿ ಕೈಯಾಡಿಸುವವರು ಕೂಲಿ ಕೊಡುವ ಒಡೆಯರು, ಪಕ್ಷದ ಮುಖಂಡರು. ಗಂಡನೆಂಬ ಒಂದೇ ಪದ ಈ ಅಧಿಕಾರ ಸಂಬಂಧವನ್ನು ಮರೆಮಾಚುತ್ತದೆ.

ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು 2023ರಲ್ಲಿ ಈ ಬೇನಾಮಿ ಪ್ರಾತಿನಿಧ್ಯವನ್ನು ತಡೆಯಲು ಸಮಿತಿಯೊಂದನ್ನು ನೇಮಿಸಿತು. 2025ರಲ್ಲಿ ಹೊರಬಂದ ಅದರ ವರದಿಯ ಶಿಫಾರಸುಗಳಲ್ಲಿ ಕಠಿಣ ದಂಡವೂ ಸೇರಿತ್ತು. ಸಭೆಯಿಂದ ಗಂಡನನ್ನು ಹೊರಗಿಡುವುದು ಅಗತ್ಯವೇ. ಆದರೆ ದಂಡ ಯಾರಿಗೆ ಎಂಬುದು ಪ್ರಶ್ನೆ. ಸದಸ್ಯತ್ವ ಕಳೆದುಕೊಳ್ಳುವ ಭಯ ಅಧ್ಯಕ್ಷೆಗೆ ತಟ್ಟಿ, ಆಕೆಯನ್ನು ದಾಟಿ ವ್ಯವಹರಿಸಿದ ಅಧಿಕಾರಿಗೆ ತಟ್ಟದೆ ಹೋದರೆ, ಕಾನೂನು ಕೇಳಿದ ಕಥೆಯನ್ನೇ ನಂಬಿದಂತಾಗುತ್ತದೆ.

ನಡಾವಳಿಯ ಸಾಕ್ಷ್ಯ

ಹಾಗಾದರೆ ಕಂಡ ಕೆಲಸವನ್ನು ಓದುವುದು ಹೇಗೆ? ಅದಕ್ಕೆ ಬೇಕಾದ ಆಕರ ಪ್ರತಿಯೊಂದು ಪಂಚಾಯತಿಯ ಕಪಾಟಿನಲ್ಲಿಯೇ ಇದೆ. ಸಭೆಯ ನಡಾವಳಿ, ವಾರ್ಡ್ ಸಭೆಯ ಬೇಡಿಕೆ ಪಟ್ಟಿ, ಕ್ರಿಯಾಯೋಜನೆ, ಕಾಮಗಾರಿ ಕಡತ ಇವು ಮೂವತ್ತು ವರ್ಷಗಳಿಗೂ ಮೀರಿದ ಮಹಿಳಾ ಆಡಳಿತದ ದಾಖಲೆಗಳು. ಶಾಸನಗಳನ್ನು ಸಂಪಾದಿಸುವಲ್ಲಿ ಕನ್ನಡ ಸಂಶೋಧನೆ ತೋರಿದ ಶ್ರದ್ಧೆಯ ಒಂದಂಶವಾದರೂ ಈ ಪುಸ್ತಕಗಳಿಗೆ ಸಂದಿಲ್ಲ. ಒಂದು ಕೇರಿಯ ನೀರಿನ ಬೇಡಿಕೆ ಎಷ್ಟು ಸಭೆಗಳಲ್ಲಿ ಮರುಕಳಿಸಿತು, ಅದನ್ನು ಎತ್ತಿದವರು ಯಾರು, ಯಾವ ಹಂತದಲ್ಲಿ ಯಾವ ಇಲಾಖೆ ತಡೆಯಿತು, ಅಧ್ಯಕ್ಷೆ ಬದಲಾದಾಗ ಅದು ಉಳಿಯಿತೋ ಅಳಿಯಿತೋ ಎಂಬುದನ್ನು ಬೆನ್ನುಹತ್ತಿದರೆ, ನಾಯಕತ್ವದ ಚಿತ್ರ ಸಂದರ್ಶನದ ಪ್ರಶ್ನಾವಳಿಗಿಂತ ನಿಖರವಾಗಿ ಮೂಡುತ್ತದೆ. ನಡಾವಳಿಗೂ ಮಿತಿಯಿದೆ: ಬರೆಯುವವನು ಅಧಿಕಾರಿ, ಮೌನ ಅದರಲ್ಲಿ ದಾಖಲಾಗುವುದಿಲ್ಲ, ಸಹಿ ಒಮ್ಮೊಮ್ಮೆ ಸಭೆಯಿಲ್ಲದೆಯೂ ಬೀಳುತ್ತದೆ. ಆದರೆ ಶಾಸನಗಳೂ ಆಳುವವರ ಪರವಾಗಿಯೇ ಕೆತ್ತಿದವು. ಅವನ್ನು ಎಚ್ಚರದಿಂದ ಓದುವ ವಿಧಾನವನ್ನು ಇತಿಹಾಸಕಾರರು ಕಲಿತಿದ್ದಾರೆ.

ಮೇಲಿನ ಸ್ತರಗಳ ಅನುಭವವನ್ನೂ ಈ ದೃಷ್ಟಿಯಿಂದಲೇ ನೋಡಬೇಕು. 2013ರಲ್ಲಿ ಶಾರದಾ ಮೋಹನ್ ಶೆಟ್ಟಿ ಕುಮಟಾ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು. 2016ರ ಚುನಾವಣೆಯ ಅನಂತರ ಜಯಶ್ರೀ ಮೊಗೇರ ಉತ್ತರ ಕನ್ನಡ ಜಿಲ್ಲಾ ಪಂಚಾಯತಿಯ ಅಧ್ಯಕ್ಷರಾದರು. ಇಂತಹ ಹೆಸರುಗಳನ್ನು ಸಾಧಕಿಯರ ಪಟ್ಟಿಗೆ ಸೇರಿಸಿ ಸುಮ್ಮನಾಗುವುದು ಸುಲಭ. ಅವರ ಅವಧಿಯ ತೀರ್ಮಾನಗಳನ್ನು, ಯಾವುದೇ ಪುರುಷ ಶಾಸಕನ ಅಥವಾ ಅಧ್ಯಕ್ಷನ ತೀರ್ಮಾನಗಳಂತೆ, ಗುಣದೋಷ ಸಹಿತ ಪರಿಶೀಲಿಸುವುದು ಅವರಿಗೆ ಸಲ್ಲಿಸಬಹುದಾದ ನಿಜವಾದ ಗೌರವ. ಮೆಚ್ಚುಗೆಯೂ ಅನುಕಂಪವೂ ವಿಮರ್ಶೆಗೆ ಬದಲಿಯಾಗಲಾರವು.

ಈ ಪರಿಶೀಲನೆ ತುರ್ತಿನದೂ ಹೌದು. ಜಿಲ್ಲಾ ಪರಿಷತ್ತುಗಳ ಅವಧಿ ಮುಗಿದ ಮೇಲೆ 1990ರ ದಶಕದ ಆರಂಭದಲ್ಲಿ ಆಡಳಿತಾಧಿಕಾರಿಗಳು ಬಂದು ಕೂತರು. 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿ ಮುಗಿದಾಗಲೂ ಅದೇ ಆಯಿತು. ಮುಂದಿನ ಮೂರು ವರ್ಷಗಳು ಕಳೆದರೂ ಚುನಾವಣೆ ನಡೆಯಲಿಲ್ಲ. ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾದ ಎರಡು ಸ್ತರಗಳು ಹೀಗೆ ಒಟ್ಟಾಗಿ ಬರಿದಾದಾಗ, ಅದನ್ನು ಮಹಿಳೆಯರ ಪ್ರಾತಿನಿಧ್ಯದ ನಷ್ಟವೆಂದು ಎಣಿಸಿದ ದನಿಗಳು ಕಡಿಮೆ. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೆಯ ಒಂದು ಭಾಗವನ್ನು ಮಹಿಳೆಯರಿಗೆ ಕಾದಿರಿಸುವ 106ನೆಯ ತಿದ್ದುಪಡಿಗೆ 2023ರಲ್ಲಿ ಸಂಸತ್ತು ಒಪ್ಪಿಗೆ ನೀಡಿದಾಗ ದೇಶವೆಲ್ಲ ಸಂಭ್ರಮಿಸಿತು. ಕರ್ನಾಟಕದಲ್ಲಿ ಆ ಹೊತ್ತಿಗೆ ಜಿಲ್ಲಾ ಪಂಚಾಯತಿಯ ಸಭಾಂಗಣಗಳು ಚುನಾಯಿತ ಸದಸ್ಯೆಯರಿಲ್ಲದೆ ಎರಡು ವರ್ಷ ಕಳೆದಿದ್ದವು.

ಗೇರುಸೊಪ್ಪೆಯ ರಾಣಿಯ ಆಳ್ವಿಕೆಯನ್ನು ಕುರಿತು ಗೆದ್ದವರ ಬಳಗದ ಮಾತು ಉಳಿದುಬಂತು. ಆಕೆಯ ಲೆಕ್ಕಪತ್ರಗಳು ಉಳಿಯಲಿಲ್ಲ. ಇಂದಿನ ಅಧ್ಯಕ್ಷೆಯ ವಿಷಯದಲ್ಲಿ ಲೆಕ್ಕಪತ್ರಗಳು ಉಳಿದಿವೆ, ಅವನ್ನು ಓದುವವರು ಬೇಕಾಗಿದ್ದಾರೆ. ಕಾಲುಸಂಕ ಯಾವ ವರ್ಷ ಮಂಜೂರಾಯಿತು, ಅದಕ್ಕಾಗಿ ಎಷ್ಟು ಬಾರಿ ನಿರ್ಣಯವಾಯಿತು, ಯಾರ ಸಹಿಯಿಂದ ಅದು ಕಟ್ಟಿತು ಎಂಬ ವಿವರಗಳನ್ನು ಇತಿಹಾಸವೆಂದು ಒಪ್ಪಿಕೊಂಡಾಗ ಮಾತ್ರ ಈ ಸೀಮೆಯ ಹೆಣ್ಣಿನ ಆಳ್ವಿಕೆಯ ಮೇಲೆ ನಾಲ್ಕು ಶತಮಾನಗಳಿಂದ ಕುಳಿತಿರುವ ಕೇಳಿಕೆಯ ಕಥೆ ತನ್ನ ಅಧಿಕಾರವನ್ನು ಕಳೆದುಕೊಳ್ಳುತ್ತದೆ.